ಅಜ್ಜಿಯ ಒಲೆ

ಹಳಿಯಾಳದ ನಮ್ಮ ಮನೆಗೆ ಬರುತ್ತಿದ್ದ ಸಿದ್ದಿ ಅಜ್ಜಿ ಪ್ರತಿ ಬೇಸಿಗೆಯ ಕೊನೆಗೆ ಎಂಟು ದಿನ ಕಾಣೆಯಾಗುತ್ತಿದ್ದಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಕುಲ ಅವಳದು. ಮಳೆಗೆ ಮೊದಲು ಗುಡಿಸಲಿಗೆ ಹುಲ್ಲು ಹೊದಿಸಬೇಕು, ಗೋಡೆಗೆ ಮಣ್ಣು ಮೆತ್ತಬೇಕು. ಅಕ್ಕಪಕ್ಕದವರೆಲ್ಲ ಬಂದು ದುಡಿಯುತ್ತಿದ್ದರು. ಕೂಲಿಯಿಲ್ಲ, ಊಟವಷ್ಟೇ. ಮರುದಿನ ಅವರ ಮನೆಗೆ ಇವಳು.

ಅಮೆರಿಕದ ಕ್ರೈಸ್ತ ದಂಪತಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ 1976ರಲ್ಲಿ ಆರಂಭಿಸಿದ ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ಯ ಬಗ್ಗೆ ಓದಿದಾಗ ನನಗೆ ಈ ಅಜ್ಜಿಯೇ ನೆನಪಾದಳು. ಅಲ್ಲಿಯೂ ಮನೆ ಪುಕ್ಕಟೆಯಲ್ಲ. ಬಡ್ಡಿಯಿಲ್ಲದ ಸಾಲ, ಸ್ವಯಂಸೇವಕರ ಜೊತೆ ಮನೆಯವರೂ ಮೈಬಗ್ಗಿಸಬೇಕು. ತೀರಿಸಿದ ಹಣ ಇನ್ನೊಬ್ಬರ ಮನೆಗೆ. ನಮ್ಮ ದೇಶದಲ್ಲಿ ಈ ಕೆಲಸ ಶುರುವಾದದ್ದು 1983ರಲ್ಲಿ, ಖಮ್ಮಂನಲ್ಲಿ. ಫೋಟೊಕ್ಕಾಗಿ ಕರಣೆ ಹಿಡಿಯುವ ದೊಡ್ಡವರನ್ನು ಕಂಡರೆ ನನಗೆ ಅನುಮಾನವೇ. ಆದರೆ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದಲೇ ಇದರಲ್ಲಿ ತೊಡಗಿದವರು. 2006ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಲೋಣಾವಳಾ ಸಮೀಪ ಮನೆ ಕಟ್ಟಲು ಬಂದರು.

ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿ, ಜೋಯಿಡಾ ತಾಲ್ಲೂಕಿನ ರಾಮನಗರಕ್ಕೆ ಹೋದವರನ್ನು ಕಂಡ ನಮ್ಮ ಕಡೆಯವರಿಗೆ ಮನೆ ಕಳೆದುಕೊಳ್ಳುವುದೆಂದರೇನೆಂದು ಹೇಳಬೇಕಿಲ್ಲ. ಕಟ್ಟಿಕೊಡುವುದೂ ಸುಲಭವಲ್ಲ. ಅಜ್ಜಿಗೆ ಕೊನೆಗಾಲದಲ್ಲಿ ಯಾವುದೋ ಯೋಜನೆಯ ಮನೆ ಬಂತು. ಗುತ್ತಿಗೆದಾರ ಕಟ್ಟಿದ, ಕೀಲಿ ಕೊಟ್ಟ. ಒಲೆ ಎಲ್ಲಿರಬೇಕೆಂದು ಅವಳನ್ನು ಯಾರೂ ಕೇಳಲಿಲ್ಲ. ಸೌದೆ ಹಚ್ಚಿದರೆ ಒಳಗೆಲ್ಲ ಹೊಗೆ.

ಅಜ್ಜಿ ಹಿತ್ತಲಲ್ಲಿ ಹುಲ್ಲಿನ ಮಾಡು ಹಾಕಿಸಿದಳು. ಮಣ್ಣು ಮೆತ್ತಲು ಮತ್ತೆ ಅಕ್ಕಪಕ್ಕದವರೇ ಬಂದರು.