ಇರೆಕ್ಟರ್ ಸ್ಪೈನೆ

ಇರೆಕ್ಟರ್ ಸ್ಪೈನೆ ಎಂಬುದು ಬೆನ್ನುಮೂಳೆಯ ಎರಡೂ ಪಾರ್ಶ್ವಗಳಲ್ಲಿ ಸೊಂಟದಿಂದ ತಲೆಬುರುಡೆಯ ಬುಡದವರೆಗೆ ಹಬ್ಬಿರುವ ಸ್ನಾಯುಗಳ ಗುಂಪು. ಲ್ಯಾಟಿನ್ ಮೂಲದ ಈ ಹೆಸರಿಗೆ ‘ಬೆನ್ನುಮೂಳೆಯನ್ನು ನೆಟ್ಟಗೆ ನಿಲ್ಲಿಸುವುದು’ ಎಂದರ್ಥ.

ರಚನೆ

ಈ ಸ್ನಾಯುಗಳು ತ್ರಿಕಾಸ್ಥಿ, ಸೊಂಟದ ಮೂಳೆಯ ಹಿಂಭಾಗ ಹಾಗೂ ಸೊಂಟದ ಕಶೇರುಮಣಿಗಳಿಗೆ ಅಂಟಿಕೊಂಡ ದಪ್ಪ ಸ್ನಾಯುರಜ್ಜುವಿನಿಂದ ಹೊರಟು, ಮೇಲೆ ಸಾಗುತ್ತ 3 ಕಂಬಗಳಾಗಿ ಕವಲೊಡೆಯುತ್ತವೆ. ಹೊರಬದಿಯ ಇಲಿಯೋಕೋಸ್ಟಾಲಿಸ್ ಮುಖ್ಯವಾಗಿ ಪಕ್ಕೆಲುಬುಗಳಿಗೆ ಸೇರುತ್ತದೆ. ನಡುವಿನ ಲಾಂಜಿಸಿಮಸ್ ಪಕ್ಕೆಲುಬುಗಳಿಗೂ ಕಶೇರುಮಣಿಗಳ ಅಡ್ಡಚಾಚುಗಳಿಗೂ ಸೇರಿ, ಕಿವಿಯ ಹಿಂದಿನ ಎಲುಬನ್ನು ಮುಟ್ಟುತ್ತದೆ. ಒಳಬದಿಯ ಸ್ಪೈನಾಲಿಸ್ ಕಶೇರುಮಣಿಗಳ ಮುಳ್ಳುಚಾಚುಗಳಿಗೆ ಅಂಟಿರುತ್ತದೆ. ಬೆನ್ನುಹುರಿಯ ನರಗಳ ಹಿಂಬದಿಯ ಕವಲುಗಳು ಇವುಗಳನ್ನು ನಿಯಂತ್ರಿಸುತ್ತವೆ.

ಕಾರ್ಯ

ಎರಡೂ ಬದಿಯ ಸ್ನಾಯುಗಳು ಒಟ್ಟಿಗೆ ಸಂಕುಚಿಸಿದಾಗ ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಒಂದೇ ಬದಿಯವು ಸಂಕುಚಿಸಿದಾಗ ದೇಹ ಆ ಬದಿಗೆ ವಾಲುತ್ತದೆ. ಮುಂದಕ್ಕೆ ಬಾಗುವಾಗಲೂ ಇವು ಕೆಲಸ ಮಾಡುತ್ತವೆ. ಮುಂಡವು ಗುರುತ್ವಾಕರ್ಷಣೆಯಿಂದ ಒಮ್ಮೆಲೇ ಕುಸಿಯದಂತೆ ಬಿಗಿ ಹಿಡಿದೇ ನಿಧಾನವಾಗಿ ನೀಳವಾಗುತ್ತವೆ. ಪೂರ್ತಿ ಬಾಗಿದ ಸ್ಥಿತಿಯಲ್ಲಿ, ಆರೋಗ್ಯವಂತರಲ್ಲಿ ಸೊಂಟಭಾಗದ ಸ್ನಾಯುಗಳು ಬಹುಮಟ್ಟಿಗೆ ಸಡಿಲಗೊಂಡು, ಭಾರವು ಹೆಚ್ಚಾಗಿ ಅಸ್ಥಿರಜ್ಜುಗಳಿಗೆ ವರ್ಗವಾಗುತ್ತದೆ. ದೀರ್ಘಕಾಲದ ಸೊಂಟನೋವಿರುವ ಹಲವರಲ್ಲಿ ಈ ಸಡಿಲಿಕೆ ಕಂಡುಬರುವುದಿಲ್ಲ.

ಭಾರ ಎತ್ತುವಿಕೆ

ಈ ಸ್ನಾಯುಗಳು ಬೆನ್ನುಮೂಳೆಗೆ ತೀರ ಸಮೀಪದಲ್ಲಿವೆ. ಆದ್ದರಿಂದ, ಸನ್ನೆಕೋಲಿನ ತತ್ತ್ವದಂತೆ, ಮುಂದೆ ಹಿಡಿದ ವಸ್ತುವನ್ನು ಎತ್ತಲು ಅದರ ತೂಕಕ್ಕಿಂತ ಹಲವು ಪಟ್ಟು ಬಲವನ್ನು ಪ್ರಯೋಗಿಸಬೇಕಾಗುತ್ತದೆ. ಈ ಬಲವೇ ಕಶೇರುಮಣಿಗಳ ನಡುವಿನ ಬಿಲ್ಲೆಗಳನ್ನು ಅದುಮುತ್ತದೆ. ಭಾರವನ್ನು ಮೈಗೆ ಹತ್ತಿರವಾಗಿ ಹಿಡಿದರೆ ಈ ಒತ್ತಡ ಕಡಿಮೆಯಾಗುತ್ತದೆ.