ಕ್ಷಾಮದ ಕೂಲಿಯಲ್ಲಿ ಹೆಣ್ಣಿನ ಪಾಲು

ಐಮಂಗಲವಿರುವ ಹಿರಿಯೂರು ಸೀಮೆಗೆ ಬರವು ಹೊಸದಲ್ಲ. 1876-78ರ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ಹಿಂಡಿದಾಗ ಸರ್ಕಾರವು ಕಾಮಗಾರಿಗಳನ್ನು ತೆರೆದು ಹಸಿದವರಿಗೆ ಕೂಲಿಯನ್ನಿತ್ತಿತು. ಆ ಕಾಲದ ಕ್ಷಾಮನಿಯಮಗಳಲ್ಲಿ ಗಂಡಸಿಗೊಂದು ದರ, ಹೆಂಗಸಿಗೆ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಇನ್ನೂ ಕಡಿಮೆ. ಗಂಡಸು ಅಗೆದ ಮಣ್ಣನ್ನು ಮಂಕರಿಯಲ್ಲಿ ಹೊತ್ತು ಏರಿಗೆ ಸುರಿಯುವವಳು ಹೆಂಗಸೇ ಆಗಿದ್ದರೂ ಹೊರೆಯ ತೂಕವನ್ನು ನಿಯಮ ಬರೆದವರು ಎಣಿಸಿದಂತೆ ಕಾಣದು!

ಇದೇ ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಯು 1907ರಲ್ಲಿ ಮುಗಿದು, 1895ರಿಂದ 1902ರವರೆಗೆ ರೀಜೆಂಟರಾಗಿ ಸಂಸ್ಥಾನವನ್ನಾಳಿದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ತಾಳಿತು. ಮಂಕರಿ ಹೊತ್ತವಳ ಪಾಲಿಗೆ ಸಮಾನ ವೇತನದ ಶಾಸನವು ಬಂದುದು 1976ರಲ್ಲಿ. 2005ರ ಉದ್ಯೋಗ ಖಾತರಿ ಕಾಯಿದೆಯು ಸರ್ಕಾರದ ಮಣ್ಣುಕೆಲಸದಲ್ಲಿ ಇಬ್ಬರಿಗೂ ಒಂದೇ ಕೂಲಿಯನ್ನು ವಿಧಿಸಿತು. ಖಾಸಗಿ ಹೊಲಗಳಲ್ಲಿ ಕಳೆ ಕೀಳುವವಳಿಗೆ ಹಳೆಯ ಲೆಕ್ಕವೇ ಬಹುಮಟ್ಟಿಗೆ ಉಳಿಯಿತು.