ಬೆಳ್ಗೊಳದ ಬಂಡೆ, ಮಣ್ಣು ಮತ್ತು ನೀರು

ಶ್ರವಣಬೆಳಗೊಳವೆಂದ ಕೂಡಲೇ ಶ್ರಾವಕ ಶ್ರಾವಿಕೆಯರ ಕಣ್ಮುಂದೆ ಮೂಡುವುದು ವಿಂಧ್ಯಗಿರಿಯ ಮೇಲೆ ನಿಂತ ಭಗವಾನ್ ಬಾಹುಬಲಿಸ್ವಾಮಿಯ ದಿವ್ಯಮೂರ್ತಿ. ಆದರೆ ಈ ಪುಣ್ಯಕ್ಷೇತ್ರಕ್ಕೆ ಹೆಸರು ಬಂದಿರುವುದು ನೀರಿನಿಂದ ಎಂಬುದನ್ನು ನೆನೆಯುವವರು ವಿರಳ. ಬೆಳ್ ಎಂದರೆ ಬಿಳಿಯ, ಕೊಳ ಎಂದರೆ ಸರೋವರ. ಶಾಸನಗಳಲ್ಲಿ ಬರುವ ಶ್ವೇತಸರೋವರ, ಧವಳಸರಸ್ ಎಂಬ ಸಂಸ್ಕೃತ ನಾಮಗಳೂ ಇದೇ ಅರ್ಥವನ್ನು ಸಾರುತ್ತವೆ. ಗುಳ್ಳಕಾಯಜ್ಜಿಯು ಪುಟ್ಟ ಗುಳ್ಳಕಾಯಿಯಲ್ಲಿ ತಂದ ಹಾಲು ಮೂರ್ತಿಯನ್ನು ತೋಯಿಸಿ, ಬೆಟ್ಟದಿಂದ ಹರಿದಿಳಿದು ಕೊಳವಾಯಿತೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಭಕ್ತಿಯ ಕಥೆಯಾದರೂ ಇದರಲ್ಲೊಂದು ನೆಲದ ಸತ್ಯವಿದೆ. ಬೆಟ್ಟದ ನೆತ್ತಿಯ ಮೇಲೆ ಬಿದ್ದದ್ದು ಅಡಿಯಲ್ಲಿ ಬಂದು ನಿಲ್ಲುತ್ತದೆ.

ಹಾಸನ ಜಿಲ್ಲೆಯ ಪೂರ್ವಭಾಗವಾದ ಈ ಸೀಮೆಯು ಮಲೆನಾಡಿನ ಮಳೆಯನ್ನು ಕಾಣದ ಬಯಲುಸೀಮೆ. ಇಲ್ಲಿ ವಿಂಧ್ಯಗಿರಿಯು ಬಯಲಿನಿಂದ ಸುಮಾರು 470 ಅಡಿ, ಚಂದ್ರಗಿರಿಯು ಸುಮಾರು 175 ಅಡಿ ಎತ್ತರವಾಗಿವೆ. ಎರಡೂ ಗಟ್ಟಿ ಕಣಶಿಲೆಯ ಬೆಟ್ಟಗಳು. ಇಂತಹ ಬಂಡೆಯು ಮಳೆನೀರನ್ನು ಹೀರುವುದಿಲ್ಲ. ಬಿರುಕುಗಳಲ್ಲಿ ಇಳಿಯುವ ಅಲ್ಪಭಾಗವನ್ನೂ ಗಾಳಿಬಿಸಿಲಿಗೆ ಆರುವುದನ್ನೂ ಕಳೆದರೆ ಉಳಿದದ್ದೆಲ್ಲವೂ ಕೆಳಕ್ಕೆ ಓಡುತ್ತದೆ. ಒಂದು ಎಕರೆ ಬಂಡೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮಿಗಿಲಾದ ನೀರು! ಕಡಿಮೆ ಮಳೆಯ ನಾಡಿನಲ್ಲಿ ಬೋಳು ಬೆಟ್ಟವೇ ಜಮೆಯ ದೊಡ್ಡ ಬಾಬ್ತು.

ಬೆಟ್ಟದ ಮೇಲೆಯೇ ಸ್ವಲ್ಪ ನೀರನ್ನು ಹಿಡಿದಿಡುವ ಉಪಾಯವೇ ದೊಣೆ. ಚಂದ್ರಗಿರಿಯಲ್ಲಿ ಲಕ್ಕಿ ಎಂಬ ಮಹಿಳೆಯ ಹೆಸರಿನ ಲಕ್ಕಿದೊಣೆಯಿದೆ. ಅದರ ಪಕ್ಕದ ಬಂಡೆಯ ಮೇಲೆ ಗುರುಗಳು, ಕವಿಗಳು, ಅಧಿಕಾರಿಗಳು ಮುಂತಾದ ಯಾತ್ರಿಕರ ಹೆಸರುಗಳು ಕೆತ್ತಲ್ಪಟ್ಟಿವೆ. ಬೆಟ್ಟವೇರಿದವರು ನೀರಿನ ಬಳಿ ವಿಶ್ರಮಿಸಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಬಂಡೆಯನ್ನು ದಾಟಿದ ನೀರಿನ ನಡೆ ಬೇರೆ. ಬೆಟ್ಟದ ಬುಡದಲ್ಲಿ ಕಲ್ಲು ಕಳಿತು ಉದುರಿದ ಗರಸು ಇರುತ್ತದೆ. ಅದರ ಕಣಗಳು ದಪ್ಪ, ನಡುವಣ ಸಂದುಗಳು ಅಗಲ. ಆದುದರಿಂದ ಓಡುತ್ತ ಬಂದ ನೀರು ಅಲ್ಲಿ ಬೇಗನೆ ಇಂಗುತ್ತದೆ. ಅದರಾಚೆಯ ಕೆಂಪು ಮಣ್ಣಿನಲ್ಲಿ ವೇಗ ತಗ್ಗುತ್ತದೆ. ತಗ್ಗಿನಲ್ಲಿ ನೆಲೆನಿಂತ ಜೇಡಿಮಣ್ಣಿನ ಕಣಗಳಾದರೋ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಅಲ್ಲಿ ಸಂದುಗಳು ಇದ್ದರೂ ಅತಿ ಸೂಕ್ಷ್ಮವಾದ್ದರಿಂದ ನೀರಿನ ಇಳಿತ ತೀರ ನಿಧಾನ. ಮರಳು ನೀರನ್ನು ಬಿಟ್ಟುಕೊಡುತ್ತದೆ, ಜೇಡಿ ಹಿಡಿದಿಡುತ್ತದೆ. ಬೆಟ್ಟದ ಮೇಲೆ ಗಳಿಗೆಯೊಳಗೆ ಇಳಿದ ನೀರು ನೆಲದೊಳಗೆ ತಿಂಗಳುಗಟ್ಟಲೆ ನಡೆದು, ತಗ್ಗಿನ ಬಾವಿಯಲ್ಲಿ ಒರತೆಯಾಗಿ ಕಾಣಿಸಿಕೊಳ್ಳುತ್ತದೆ. ಕೆರೆಯ ಏರಿಗೆ ಜೇಡಿಮಣ್ಣನ್ನು ತುಳಿದು ಗಟ್ಟಿಮಾಡುತ್ತಿದ್ದ ನಮ್ಮ ಪೂರ್ವಿಕರು ಈ ಮರ್ಮವನ್ನು ಕೈಯಳತೆಯಿಂದಲೇ ಅರಿತಿದ್ದರು.

ಕ್ಷೇತ್ರದ ಜಲಾಶಯಗಳ ಇತಿಹಾಸವು ಧರ್ಮಾತ್ಮರ ಹೆಸರುಗಳಿಂದ ಬೆಳಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆಯೂ ಬೊಪ್ಪದೇವನ ತಾಯಿಯೂ ಆದ ಜಕ್ಕಿಮವ್ವೆಯು ಕೆರೆಯೊಂದನ್ನು ಕಟ್ಟಿಸಿದಳು. ಅದೇ ಜಕ್ಕಿಕಟ್ಟೆ. ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆಯಾದ ಆಕೆ ಅಲ್ಲಿನ ಬಂಡೆಯ ಮೇಲೆ ಜಿನಬಿಂಬವನ್ನೂ ಕೆತ್ತಿಸಿದಳು. ಜಿನಬಿಂಬವೂ ಜಲಾಶಯವೂ ಒಂದೇ ಪುಣ್ಯಕಾರ್ಯದ ಎರಡು ಅಂಗಗಳೆಂಬ ಭಾವ ಇಲ್ಲಿ ಸ್ಪಷ್ಟವಾಗಿದೆ. ಹದಿನೇಳನೆಯ ಶತಮಾನದಲ್ಲಿ ಚೆನ್ನಣ್ಣನೆಂಬ ಶ್ರಾವಕನು ಕೊಳ, ಮಂಟಪ, ತೋಟಗಳನ್ನು ಮಾಡಿಸಿದನು. ಅಲ್ಲಿನ ಶಾಸನವು ಆ ಕೊಳವನ್ನು ಗಂಗೆ ತುಂಗಭದ್ರೆಗಳೊಡನೆ ಹೋಲಿಸಿ ಹಿಗ್ಗುತ್ತದೆ.

ಊರ ನಡುವಣ ಕಲ್ಯಾಣಿಯು ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಸುತ್ತಲೂ ಮೆಟ್ಟಿಲು, ಪ್ರಾಕಾರ, ಗೋಪುರಗಳಿಂದ ಶೋಭಿಸುವ ಇದರ ಕಾರ್ಯವನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಆರಂಭಿಸಿದರು. ಟಂಕಸಾಲೆಯ ಅಧಿಕಾರಿ ಅಣ್ಣಯ್ಯನ ಬಿನ್ನಹವೇ ಅದಕ್ಕೆ ಕಾರಣವೆಂದೂ, ಒಡೆಯರು ತೀರಿಕೊಂಡ ಬಳಿಕ ಅವರ ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಣ್ಣಯ್ಯನೇ ಅದನ್ನು ಪೂರೈಸಿದನೆಂದೂ ಅನಂತಕವಿಯ ಗೊಮ್ಮಟೇಶ್ವರ ಚರಿತೆಯಿಂದ ತಿಳಿದುಬರುತ್ತದೆ. ಅರಸನು ಬಿಟ್ಟುಹೋದ ಕೆಲಸವನ್ನು ಸೇವಕನು ಮರೆಯಲಿಲ್ಲ.

ಕಟ್ಟಿಸುವುದು ಒಮ್ಮೆಯ ಪುಣ್ಯ, ಕಾಯುವುದು ನಿತ್ಯದ ಪುಣ್ಯ. ಹರಿದು ಬರುವ ನೀರು ಬರಿಗೈಯಲ್ಲಿ ಬರುವುದಿಲ್ಲ. ತನ್ನೊಡನೆ ಮಣ್ಣನ್ನೂ ಹೊತ್ತು ತರುತ್ತದೆ. ಕೊಳದಲ್ಲಿ ಅದರ ವೇಗ ನಿಂತೊಡನೆ ಮರಳು ಮೊದಲು, ಜೇಡಿ ಕೊನೆಗೆ ತಳ ಸೇರಿ ಹೂಳಾಗುತ್ತದೆ. ಇದನ್ನರಿತೇ ಕನ್ನಡನಾಡಿನ ಹಿರಿಯರು ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಕಟ್ಟುಕೊಡಗಿ ಎಂಬ ಭೂದಾನಗಳನ್ನು ಬಿಟ್ಟಿದ್ದರು. ಆ ಏರ್ಪಾಡು ಅಳಿದ ಕಡೆಗಳಲ್ಲಿ ಕೆರೆಗಳು ಹೂಳಿನಿಂದ ಸೊರಗಿವೆ. ಇತ್ತೀಚಿನ ದಶಕಗಳಲ್ಲಿ ಬಯಲುಸೀಮೆಯಲ್ಲೆಲ್ಲ ಕೊಳವೆಬಾವಿಗಳು ಹೆಚ್ಚಿ ಅಂತರ್ಜಲವು ಕೆಳಗಿಳಿದಿದೆ. ಗಟ್ಟಿಶಿಲೆಯ ಆಳದಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಮೇಲಿನಿಂದ ಇಂಗಿದಷ್ಟನ್ನೇ ಅದು ಕೊಡಬಲ್ಲದು. ಜಮೆಯಿಲ್ಲದೆ ಖರ್ಚು ಬರೆದರೆ ಲೆಕ್ಕದ ಪುಸ್ತಕ ಎಷ್ಟು ದಿನ ತೂಗೀತು?

ಜಲಕಾಯಿಕ ಜೀವಗಳಿಗೆ ಹಿಂಸೆಯಾಗದಂತೆ ನೀರನ್ನು ಸೋಸಿ, ಮಿತವಾಗಿ ಬಳಸಬೇಕೆಂಬುದು ಜೈನರ ಮನೆಮನೆಯ ಆಚಾರ. ಬಟ್ಟೆಯಲ್ಲಿ ನೀರು ಸೋಸುವ ಕೈಗಳೇ ಕೊಳದ ಹೂಳನ್ನೆತ್ತಬೇಕು, ಬೆಟ್ಟದಿಂದ ಕೊಳಕ್ಕೆ ಬರುವ ಕಾಲುವೆಗಳನ್ನು ಕಟ್ಟಡ ಕಸಗಳಿಂದ ಮುಚ್ಚದಂತೆ ಕಾಯಬೇಕು. ಅನೇಕ ಬಸದಿಗಳ ಬಳಿ ಒಂದು ಬಾವಿಯೋ ಕೊಳವೋ ಇರುತ್ತದೆ. ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಯಾವ ಮಣ್ಣನ್ನು ದಾಟಿ ಬರುತ್ತದೆ ಎಂಬುದನ್ನು ಆ ಊರಿನ ಶ್ರಾವಕರು ಅರಿತಿದ್ದರೆ, ಅಭಿಷೇಕದ ಕಲಶವು ಎಂದೂ ಬರಿದಾಗದು. ಜಕ್ಕಿಮವ್ವೆ, ಚೆನ್ನಣ್ಣ, ಅಣ್ಣಯ್ಯರಿಗೆ ಸಲ್ಲಿಸಬಹುದಾದ ನಿಜವಾದ ಗೌರವವೂ ಅದೇ ಆಗಿದೆ.